ಖಾಲಿ ನಿವೇಶನಕ್ಕೆ ಯಾವ ಕಲೆ: ಕುಗ್ಗುತ್ತಿರುವ ನಗರಗಳಿಗೊಂದು ಹೋಲಿಕೆ

ಅಮೆರಿಕದ ಡೆಟ್ರಾಯಿಟ್‌ನಲ್ಲಿ 1950ರ ಜನಗಣತಿಯ ವೇಳೆಗೆ ಸುಮಾರು 18.5 ಲಕ್ಷ ಜನರಿದ್ದರು. 2020ರಲ್ಲಿ ಉಳಿದವರು 6.39 ಲಕ್ಷ. ಇದೇ ಎಪ್ಪತ್ತು ವರ್ಷಗಳಲ್ಲಿ ಕ್ಲೀವ್‌ಲ್ಯಾಂಡ್ 9.15 ಲಕ್ಷದಿಂದ 3.73 ಲಕ್ಷಕ್ಕೆ ಇಳಿಯಿತು. ಜನರು ಊರು ಬಿಟ್ಟರೂ ಅವರಿಗಾಗಿ ಹಾಕಿದ್ದ ರಸ್ತೆ, ಒಳಚರಂಡಿ, ಶಾಲೆ, ಮನೆಗಳು ಅಲ್ಲಿಯೇ ಉಳಿಯುತ್ತವೆ. ಮೊದಲು ಕಿಟಕಿಗಳಿಗೆ ಹಲಗೆ ಬೀಳುತ್ತದೆ, ಆಮೇಲೆ ಒಳಗಿನ ತಾಮ್ರದ ಕೊಳವೆಗಳು ಕಳುವಾಗುತ್ತವೆ, ಯಾವುದೋ ಒಂದು ಚಳಿಗಾಲದಲ್ಲಿ ಸೂರು ಕುಸಿಯುತ್ತದೆ, ಕೊನೆಗೆ ನಗರಾಡಳಿತ ಮನೆಯನ್ನು ಕೆಡವಿ ನೆಲವನ್ನು ಹಾಗೆಯೇ ಬಿಟ್ಟು ಹೋಗುತ್ತದೆ. ಇಂತಹ ನಿವೇಶನಗಳಿಗೆ ಕಲೆಯ ಮೂಲಕ ಜೀವ ತುಂಬಬೇಕೆಂದು ಹೊರಡುವ ಆಡಳಿತ, ನಿವಾಸಿಗಳ ಸಂಘ ಅಥವಾ ಕಲಾಸಂಸ್ಥೆಯ ಮುಂದಿರುವ ದಾರಿಗಳನ್ನು ಇಲ್ಲಿ ಹೋಲಿಸಿ ನೋಡಲಾಗಿದೆ.

ಸಾಮಾನ್ಯವಾಗಿ ಈ ಚರ್ಚೆ ಕಲೆಯ ಕಡೆಯಿಂದ ಆರಂಭವಾಗುತ್ತದೆ: ಭಿತ್ತಿಚಿತ್ರವೋ, ಶಿಲ್ಪವೋ, ಬೆಳಕಿನ ಪ್ರದರ್ಶನವೋ ಎಂದು. ಇದು ತಲೆಕೆಳಗಾದ ಕ್ರಮ ಎಂಬುದು ನನ್ನ ಅಭಿಪ್ರಾಯ. ಮೊದಲ ಪ್ರಶ್ನೆಗಳು ನೆಲವನ್ನು ಕುರಿತವಾಗಿರಬೇಕು. ಈ ಜಾಗ ಇನ್ನೆಷ್ಟು ಕಾಲ ಖಾಲಿಯಾಗಿರುತ್ತದೆ? ಅದರ ಒಡೆತನ ಯಾರದು? ಮೂರನೆಯ ವರ್ಷ ಅದನ್ನು ಗುಡಿಸುವವರು ಯಾರು? ಬೆಳೆಯುತ್ತಿರುವ ನಗರದಲ್ಲಿ ಖಾಲಿ ನಿವೇಶನವೆಂದರೆ ಕಟ್ಟಡಕ್ಕಾಗಿ ಕಾಯುತ್ತಿರುವ ಜಾಗ. ಅಲ್ಲಿ ಕಲೆ ಆ ಕಾಯುವಿಕೆಯನ್ನು ಅಲಂಕರಿಸಿದರೂ ಸಾಕು. ಕುಗ್ಗುತ್ತಿರುವ ನಗರದಲ್ಲಿ ಹತ್ತು, ಇಪ್ಪತ್ತು ವರ್ಷ ಯಾವ ಕೊಳ್ಳುಗನೂ ಬಾರದಿರಬಹುದು. ಆದ್ದರಿಂದ ಕೃತಿಯ ಆಯುಷ್ಯವೂ ನಿವೇಶನದ ಖಾಲಿತನದ ಆಯುಷ್ಯವೂ ಒಂದಕ್ಕೊಂದು ಹೊಂದುತ್ತವೆಯೇ ಎಂಬುದೇ ಆಯ್ಕೆಯ ಮುಖ್ಯ ಅಳತೆಗೋಲು. ಸೌಂದರ್ಯದ ಪ್ರಶ್ನೆ ಅದರ ನಂತರದ್ದು.

ಹುಲ್ಲು ಮತ್ತು ಬೇಲಿ: ಹೋಲಿಕೆಯ ತಳಹದಿ

ಯಾವ ಕಲಾಯೋಜನೆಯನ್ನೇ ಆಗಲಿ ಮೊದಲು ಹೋಲಿಸಬೇಕಾದದ್ದು ಕಲೆಯೇ ಅಲ್ಲದ ಒಂದು ಕೆಲಸದ ಜೊತೆ. ಫಿಲಡೆಲ್ಫಿಯಾದಲ್ಲಿ ಪೆನ್ಸಿಲ್ವೇನಿಯಾ ಹಾರ್ಟಿಕಲ್ಚರಲ್ ಸೊಸೈಟಿ ಖಾಲಿ ನಿವೇಶನಗಳಲ್ಲಿ ಮಾಡಿಕೊಂಡು ಬಂದಿರುವ ಕೆಲಸ ಬಹಳ ಸರಳವಾದದ್ದು: ಕಸ ತೆಗೆದು, ನೆಲ ಸಮತಟ್ಟು ಮಾಡಿ, ಹುಲ್ಲು ಬಿತ್ತಿ, ನಾಲ್ಕಾರು ಮರ ನೆಟ್ಟು, ಸುತ್ತ ತಗ್ಗಾದ ಮರದ ಬೇಲಿ ಹಾಕುವುದು, ಆಮೇಲೆ ಬೆಳವಣಿಗೆಯ ಋತುವಿನ ಉದ್ದಕ್ಕೂ ನಿಯತವಾಗಿ ಬಂದು ಹುಲ್ಲು ಕತ್ತರಿಸುವುದು. ಆ ಬೇಲಿಯನ್ನು ಸ್ವಲ್ಪ ಗಮನಿಸಿ ನೋಡಬೇಕು. ನೆಟ್ಟ ಕಂಬಗಳ ನಡುವೆ ಅಡ್ಡಪಟ್ಟಿಗಳಿರುವ ಇದನ್ನು ಯಾವ ಮಗುವೂ ದಾಟಬಲ್ಲುದು. ನಡೆದು ಬರುವವರಿಗೆ ನಡುವೆ ತೆರಪನ್ನೂ ಬಿಟ್ಟಿರುತ್ತಾರೆ. ಆದರೆ ರಾತ್ರಿ ಕಟ್ಟಡದ ಅವಶೇಷ ತಂದು ಸುರಿಯುವ ಟ್ರಕ್ಕು ಒಳಗೆ ಬರಲಾರದು. ಈ ಜಾಗದ ಮೇಲೆ ಯಾರದೋ ನಿಗಾ ಇದೆ ಎಂಬ ಸಂದೇಶವನ್ನು ಒಂದು ಫಲಕವೂ ಇಲ್ಲದೆ ಅದು ಹೇಳುತ್ತದೆ.

ಈ ಕೆಲಸದ ಪರಿಣಾಮವನ್ನು ಅಳೆದೂ ನೋಡಿದ್ದಾರೆ. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಫಿಲಡೆಲ್ಫಿಯಾದ 541 ಖಾಲಿ ನಿವೇಶನಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ವಿಂಗಡಿಸಿ, ಕೆಲವನ್ನು ಹಸಿರುಗೊಳಿಸಿ, ಕೆಲವನ್ನು ಬರಿದೇ ಶುಚಿಗೊಳಿಸಿ, ಉಳಿದವನ್ನು ಇದ್ದಂತೆಯೇ ಬಿಡಲಾಯಿತು. ಬಡತನ ರೇಖೆಗಿಂತ ಕೆಳಗಿನ ನೆರೆಹೊರೆಗಳಲ್ಲಿ ಬಂದೂಕಿನ ಹಿಂಸೆ ಶೇಕಡಾ 29ರಷ್ಟು ಇಳಿಯಿತು. ಇದೇ ಪ್ರಯೋಗದ ಇನ್ನೊಂದು ವರದಿಯ ಪ್ರಕಾರ, ಹಸಿರುಗೊಳಿಸಿದ ನಿವೇಶನಗಳ ಬಳಿ ವಾಸಿಸುವವರಲ್ಲಿ ಮನಸ್ಸು ಕುಗ್ಗಿದೆ ಎಂದು ಹೇಳಿಕೊಂಡವರ ಪ್ರಮಾಣ ಶೇಕಡಾ 41.5ರಷ್ಟು ಕಡಿಮೆಯಾಯಿತು; ಕಸವನ್ನು ಮಾತ್ರ ತೆಗೆದ ಜಾಗಗಳಲ್ಲಿ ಅಂತಹ ಬದಲಾವಣೆ ಸ್ಪಷ್ಟವಾಗಿ ಕಾಣಲಿಲ್ಲ.

ಖಾಲಿ ನಿವೇಶನಗಳ ಮೇಲಿನ ಕಲಾಕೃತಿಗಳ ಪರವಾಗಿ ಇಷ್ಟು ಗಟ್ಟಿಯಾದ ಸಾಕ್ಷ್ಯವನ್ನು ನಾನು ಕಂಡಿಲ್ಲ. ಅಪರಾಧ ತಗ್ಗಬೇಕು, ಜಾಗ ಅಚ್ಚುಕಟ್ಟಾಗಿ ಕಾಣಬೇಕು ಎಂಬುದಷ್ಟೇ ಉದ್ದೇಶವಾಗಿದ್ದರೆ ಹುಲ್ಲು, ಮರ ಮತ್ತು ಬೇಲಿಗಳೇ ಸರಿಯಾದ ಆಯ್ಕೆ. ಕಲಾವಿದರ ಸಂಭಾವನೆಯನ್ನು ಅಲ್ಲಿ ಹಾಕುವ ಅಗತ್ಯವಿಲ್ಲ. ಪಕ್ಕದ ಮನೆಯವರು ಜಾಗವನ್ನು ಕೇಳುತ್ತಿದ್ದರೆ ಅದಕ್ಕಿಂತಲೂ ಸುಲಭದ ದಾರಿಯಿದೆ. ಡೆಟ್ರಾಯಿಟ್‌ನಲ್ಲಿ ಪಾಳುಬಿದ್ದ ಆಸ್ತಿಗಳನ್ನು ನಿರ್ವಹಿಸುವ ಸಾರ್ವಜನಿಕ ಸಂಸ್ಥೆಯಾದ ಲ್ಯಾಂಡ್ ಬ್ಯಾಂಕ್, ಮನೆಗೆ ಅಂಟಿಕೊಂಡಿರುವ ಖಾಲಿ ನಿವೇಶನಗಳನ್ನು ನೆರೆಮನೆಯವರಿಗೆ 100 ಡಾಲರಿಗೆ ಮಾರುತ್ತಾ ಬಂದಿದೆ, ಮತ್ತು ಬೇಲಿ ಹಾಕಿ ತರಕಾರಿ ಬೆಳೆಯುವ ಒಬ್ಬ ನೆರೆಯವರು ಹತ್ತು ಶಿಲ್ಪಗಳಿಗಿಂತ ಚೆನ್ನಾಗಿ ಜಾಗವನ್ನು ಕಾಯುತ್ತಾರೆ. ಹುಲ್ಲಿಗೆ ಮಾಡಲಾಗದ್ದೂ ಇದೆ. ಹೋದವರ ನೆನಪನ್ನು ಅದು ಹೇಳಲಾರದು, ಆಡಳಿತದ ಕಣ್ಣನ್ನು ಒಂದು ಬೀದಿಯ ಕಡೆಗೆ ತಿರುಗಿಸಲಾರದು, ಪಾಳುಬಿದ್ದ ಕಟ್ಟಡಕ್ಕೆ ಹೊಸ ಉಪಯೋಗವನ್ನು ಹುಡುಕಿಕೊಡಲಾರದು. ಇವುಗಳಲ್ಲಿ ಯಾವುದು ಬೇಕು ಎಂಬುದನ್ನು ನಿರ್ಧರಿಸಿದ ಮೇಲೆ ಕಲೆಯ ಮಾತಿಗೆ ಬರಬಹುದು.

ಭಿತ್ತಿಚಿತ್ರ

ಇದು ಅತ್ಯಂತ ಪರಿಚಿತವಾದ ಆಯ್ಕೆ. ಅಗತ್ಯಕ್ಕಿಂತ ಹೆಚ್ಚು ಸಲ ಆಯ್ಕೆಯಾಗುವುದೂ ಇದೇ, ಏಕೆಂದರೆ ಕೆಲಸ ಬೇಗ ಮುಗಿಯುತ್ತದೆ, ಛಾಯಾಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ, ಉದ್ಘಾಟನೆಗೂ ಒದಗುತ್ತದೆ. ಫಿಲಡೆಲ್ಫಿಯಾದಲ್ಲಿ 1984ರಲ್ಲಿ ಗ್ರಾಫಿಟಿ ತಡೆಯುವ ಕಾರ್ಯಕ್ರಮದ ಭಾಗವಾಗಿ ಆರಂಭವಾದ ಮ್ಯೂರಲ್ ಆರ್ಟ್ಸ್ ಎಂಬ ಸಂಸ್ಥೆ ಇದುವರೆಗೆ 4,000ಕ್ಕೂ ಹೆಚ್ಚು ಭಿತ್ತಿಚಿತ್ರಗಳನ್ನು ಮಾಡಿದೆ. ಒತ್ತಾಗಿ ಕಟ್ಟಿದ ಸಾಲುಮನೆಗಳಲ್ಲಿ ಒಂದನ್ನು ಕೆಡವಿದಾಗ ಪಕ್ಕದ ಮನೆಯ ಕಿಟಕಿಯಿಲ್ಲದ ದೊಡ್ಡ ಗೋಡೆ ಬಯಲಿಗೆ ಬೀಳುತ್ತದೆ. ಆ ನಗರಕ್ಕೆ ಇಷ್ಟೊಂದು ಚಿತ್ರಫಲಕಗಳು ಸಿಕ್ಕಿದ್ದರಲ್ಲಿ ಮನೆಗಳ ಕುಸಿತದ ಪಾಲೂ ಇದೆ.

ಇಲ್ಲಿ ಒಂದು ವಿರೋಧಾಭಾಸವನ್ನು ಗಮನಿಸಬೇಕು. ಹೀಗೆ ಬಯಲಾದ ಗೋಡೆಯ ಮೇಲಿನ ಚಿತ್ರ ಉಳಿಯಬೇಕಾದರೆ ಅದರ ಮುಂದಿನ ನಿವೇಶನ ಖಾಲಿಯಾಗಿಯೇ ಇರಬೇಕು. ನಾಳೆ ಯಾರಾದರೂ ಅಲ್ಲಿ ಮನೆ ಕಟ್ಟಿದರೆ ಚಿತ್ರ ಮುಚ್ಚಿಹೋಗುತ್ತದೆ, ಮತ್ತು ಆ ಹೊತ್ತಿಗೆ ಬೀದಿಯವರು ಅದನ್ನು ತಮ್ಮದೆಂದು ಪ್ರೀತಿಸತೊಡಗಿದ್ದರೆ ಹೊಸ ಮನೆಯೇ ಅವರ ಕಣ್ಣಿಗೆ ಶತ್ರುವಾಗುತ್ತದೆ. ಹಾಗಾಗಿ ಎಂದಿಗೂ ಕಟ್ಟಡ ಬರಲಾರದೆಂದು ಖಚಿತವಾಗಿರುವ ಕಡೆ, ಅಥವಾ ಚಿತ್ರ ಮರೆಯಾಗುವುದನ್ನು ಎಲ್ಲರೂ ಮೊದಲೇ ಒಪ್ಪಿಕೊಂಡಿರುವ ಕಡೆ ಮಾತ್ರ ಇದನ್ನು ಆರಿಸಬೇಕು. ಎರಡನೆಯ ದೋಷ ಇನ್ನೂ ಸರಳ: ಗೋಡೆಗೆ ಬಣ್ಣ ಬಳಿದರೆ ನೆಲಕ್ಕೆ ಏನೂ ಆಗುವುದಿಲ್ಲ. ಅದ್ಭುತವಾದ ಚಿತ್ರದ ಬುಡದಲ್ಲಿ ಸೊಂಟದೆತ್ತರದ ಕಳೆ, ಒಡೆದ ಗಾಜು, ಹಳೆಯ ಟೈರುಗಳು ಬಿದ್ದಿರುವ ಸ್ಥಿತಿ ಚಿತ್ರವಿಲ್ಲದ ಸ್ಥಿತಿಗಿಂತ ಹೆಚ್ಚು ನೋಯಿಸುತ್ತದೆ.

ತಾಂತ್ರಿಕವಾಗಿ ಗೋಡೆಯ ಆರೋಗ್ಯವೇ ಎಲ್ಲವನ್ನೂ ನಿರ್ಧರಿಸುತ್ತದೆ. ಹಿಂದೆ ಒಳಗೋಡೆಯಾಗಿದ್ದದ್ದು ಈಗ ಮಳೆಗೆ ಮೈಯೊಡ್ಡಿ ನಿಂತಿರುತ್ತದೆ. ತಳದಿಂದ ತೇವ ಏರಿ, ಇಟ್ಟಿಗೆಯೊಳಗಿನ ಉಪ್ಪು ಬಿಳಿಯ ಪುಡಿಯಾಗಿ ಮೇಲೆ ಬಂದು, ಬಣ್ಣವನ್ನು ಸಿಪ್ಪೆಯಂತೆ ಕಳಚಿಬಿಡುತ್ತದೆ. ಮಳೆಗಾಲ ಮುಗಿದ ಕೂಡಲೇ ಗೋಡೆಯನ್ನು ಅಂಗೈಯಿಂದ ಉಜ್ಜಿ ನೋಡಬೇಕು. ಕೈಗೆ ಬಿಳಿ ಹತ್ತಿದರೆ ಮೊದಲು ಗಿಲಾವಿನ ರಿಪೇರಿಗೆ ಹಣ ತೆಗೆದಿಡಬೇಕು, ಇಲ್ಲವೇ ಬೇರೆ ಗೋಡೆ ಹುಡುಕಬೇಕು. ಫಿಲಡೆಲ್ಫಿಯಾದವರು ಪ್ಯಾರಾಶೂಟ್ ಬಟ್ಟೆ ಎಂದು ಕರೆಯುವ ತೆಳುವಾದ ಬಟ್ಟೆಯ ಮೇಲೆ ಒಳಾಂಗಣದಲ್ಲಿಯೇ ಚಿತ್ರ ಬರೆದು, ನಂತರ ಅದನ್ನು ಅಕ್ರಿಲಿಕ್ ಅಂಟಿನಿಂದ ಗೋಡೆಗೆ ಹಚ್ಚುತ್ತಾರೆ. ಇದರಿಂದ ಏಣಿ ಹತ್ತಲಾಗದ ವೃದ್ಧರು, ಮಕ್ಕಳು, ಜೈಲಿನಲ್ಲಿರುವವರು ಸಹ ಒಂದೊಂದು ತುಂಡಿನ ಮೇಲೆ ಕೈಯಾಡಿಸಬಹುದು. ಯಾರು ಎಲ್ಲಿಂದ ನೋಡುತ್ತಾರೆ ಎಂಬ ಲೆಕ್ಕವೂ ಮುಖ್ಯ. 2009ರಲ್ಲಿ ಸ್ಟೀವ್ ಪವರ್ಸ್ ಅವರು ಪಶ್ಚಿಮ ಫಿಲಡೆಲ್ಫಿಯಾದಲ್ಲಿ ಬರೆದ ಪ್ರೇಮಪತ್ರದ ರೂಪದ ಚಿತ್ರಮಾಲೆ ಎತ್ತರದ ಹಳಿಯ ಮೇಲೆ ಹೋಗುವ ರೈಲಿನ ಕಿಟಕಿಯಿಂದ ಓದಿಕೊಳ್ಳುವಂತೆ ರಚಿತವಾಗಿದೆ. ಅಲ್ಲಿ ಕೆಳಗಿನ ನೆಲದ ಸ್ಥಿತಿ ಕೃತಿಯನ್ನು ಕೆಡಿಸುವುದಿಲ್ಲ, ಏಕೆಂದರೆ ನೋಡುವವರು ನೆಲದ ಮೇಲಿಲ್ಲ.

ತಾತ್ಕಾಲಿಕ ಕೃತಿ

ಒಂದೆರಡು ವರ್ಷಗಳಲ್ಲಿ ಕೆಡವಲಿರುವ ಕಟ್ಟಡಕ್ಕೆ, ಅಥವಾ ಒಡೆತನದ ತಕರಾರು ಇನ್ನೂ ಬಗೆಹರಿಯದ ಜಾಗಕ್ಕೆ ತಾತ್ಕಾಲಿಕ ಕೃತಿಯೇ ಹೊಂದುತ್ತದೆ. ಅದು ಜಾಗವನ್ನು ಸುಧಾರಿಸುವುದಕ್ಕಿಂತ ಹೆಚ್ಚಾಗಿ ಜಾಗದ ಬಗ್ಗೆ ಮಾತನಾಡಿಸುತ್ತದೆ. ಡೆಟ್ರಾಯಿಟ್‌ನಲ್ಲಿ 2006ರ ಆಸುಪಾಸಿನಲ್ಲಿ ಒಂದು ಗುಂಪಿನ ಕಲಾವಿದರು ಹೆಸರು ಹೇಳಿಕೊಳ್ಳದೆ, ಹೆದ್ದಾರಿಗೆ ಕಾಣುವ ಪಾಳುಮನೆಗಳನ್ನು ನೆತ್ತಿಯಿಂದ ಮೆಟ್ಟಿಲಿನ ತನಕ ಒಂದೇ ಕಡುಕಿತ್ತಳೆ ಬಣ್ಣದಲ್ಲಿ ಮುಳುಗಿಸಿದರು. ಗೋಡೆ, ಮುರಿದ ಬಾಗಿಲು, ಜೋತುಬಿದ್ದ ಸೂರು ಎಲ್ಲಕ್ಕೂ ಒಂದೇ ಬಣ್ಣ ಬಿದ್ದಾಗ, ವರ್ಷಗಟ್ಟಲೆ ಕಾಣದಂತಾಗಿದ್ದ ಮನೆ ಇದ್ದಕ್ಕಿದ್ದಂತೆ ಕಣ್ಣಿಗೆ ಚುಚ್ಚತೊಡಗಿತು. ಹೆಚ್ಚು ದಿನ ಕಳೆಯುವ ಮೊದಲೇ ಅವುಗಳಲ್ಲಿ ಕೆಲವನ್ನು ಆಡಳಿತ ಕೆಡವಿತು. ಕೃತಿ ನಾಶವಾದದ್ದೇ ಅದರ ಯಶಸ್ಸು. ಅಪಾಯಕಾರಿ ಕಟ್ಟಡದ ಬಗ್ಗೆ ಅರ್ಜಿ ಕೊಟ್ಟು ಕೊಟ್ಟು ಸೋತ ಬೀದಿಗೆ ಇದಕ್ಕಿಂತ ಅಗ್ಗದ ಉಪಾಯ ಇರಲಾರದು. ಅನುಮತಿಯಿಲ್ಲದೆ ಬೇರೆಯವರ ಆಸ್ತಿಗೆ ಬಣ್ಣ ಬಳಿಯುವುದು ಅಪರಾಧವಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಇದೇ ಜಾತಿಯ, ಆದರೆ ಅಧಿಕೃತವಾಗಿ ನಡೆದ ಕೆಲಸ ನ್ಯೂಯಾರ್ಕ್ ರಾಜ್ಯದ ಆಲ್ಬನಿ, ಸ್ಕೆನೆಕ್ಟಡಿ ಮತ್ತು ಟ್ರಾಯ್ ನಗರಗಳದ್ದು. 2016ರ ಶರತ್ಕಾಲದಲ್ಲಿ ಅಲ್ಲಿನ ನೂರಾರು ಖಾಲಿ ಮನೆಗಳ ಕಿಟಕಿಗಳಲ್ಲಿ ದೀಪಗಳನ್ನಿಟ್ಟು, ಮನುಷ್ಯರು ಉಸಿರಾಡುವ ಲಯದಲ್ಲಿ ಬೆಳಕು ಏರಿ ಇಳಿಯುವಂತೆ ಮಾಡಲಾಯಿತು. ನನಗೆ ಈ ಯೋಜನೆ ಮೆಚ್ಚಿಗೆಯಾಗುವುದು ದೀಪಗಳಿಗಾಗಿ ಅಲ್ಲ. ಅದರ ಜೊತೆಗೇ ಖಾಲಿ ಮನೆಯನ್ನು ಕೊಳ್ಳುವುದು, ದುರಸ್ತಿ ಮಾಡುವುದು ಹೇಗೆಂದು ತಿಳಿಸುವ ಸಭೆಗಳನ್ನೂ ನಡೆಸಿದರು ಎಂಬುದಕ್ಕಾಗಿ. ಗಮನ ಸೆಳೆಯುವ ಕೃತಿಯನ್ನು ಆರಿಸುವವರು ಆ ಗಮನ ಬಂದು ನಿಂತಾಗ ಅದಕ್ಕೆ ಏನನ್ನು ತೋರಿಸಬೇಕು ಎಂಬುದನ್ನು ಮುಂಚೆಯೇ ಸಿದ್ಧಮಾಡಿಕೊಂಡಿರಬೇಕು.

ಇದಕ್ಕೆ ವಿರುದ್ಧ ತುದಿಯಲ್ಲಿದ್ದದ್ದು ಲಿವರ್‌ಪೂಲ್‌ನಲ್ಲಿ ರಿಚರ್ಡ್ ವಿಲ್ಸನ್ ಅವರು 2007ರಲ್ಲಿ ಮಾಡಿದ ಕೃತಿ. ಕೆಡವಲೆಂದು ಬಿಟ್ಟಿದ್ದ ಕಟ್ಟಡದ ಮುಂಭಾಗದಲ್ಲಿ 8 ಮೀಟರ್ ವ್ಯಾಸದ ಒಂದು ಭಾಗವನ್ನು ಕತ್ತರಿಸಿ, ಗೋಡೆ ಮತ್ತು ಕಿಟಕಿಗಳ ಸಮೇತ ಅದು ತಿರುಗುವಂತೆ ಯಂತ್ರಕ್ಕೆ ಕೂಡಿಸಿದ್ದರು. 2011ರಲ್ಲಿ ಅದು ನಿಂತಿತು. ನೋಡಿದವರು ಮರೆಯಲಾರದ ಕೃತಿ ಅದು. ಆದರೆ ಖಾಲಿ ಜಾಗಗಳ ಪುನರುಜ್ಜೀವನಕ್ಕೆ ಮಾದರಿಯಾಗಿ ಅದನ್ನು ಯಾರಿಗೂ ಶಿಫಾರಸು ಮಾಡಲಾರೆ: ಯಂತ್ರ, ವಿದ್ಯುತ್ತು, ಸುರಕ್ಷತೆಯ ತಪಾಸಣೆ ಎಲ್ಲವೂ ಒಂದೇ ಕಟ್ಟಡಕ್ಕೆ ಸಲ್ಲುತ್ತವೆ. ಸಣ್ಣ ಮೊತ್ತದ ಕಡೆಗೆ ನೋಡುವುದಾದರೆ, 2011ರಲ್ಲಿ ಕ್ಯಾಂಡಿ ಚಾಂಗ್ ಅವರು ನ್ಯೂ ಆರ್ಲಿಯನ್ಸ್‌ನ ಪಾಳುಮನೆಯೊಂದರ ಗೋಡೆಗೆ ಕರಿಹಲಗೆಯ ಬಣ್ಣ ಬಳಿದು, ಸಾಯುವ ಮೊದಲು ತಾವು ಮಾಡಬಯಸುವುದನ್ನು ದಾರಿಹೋಕರು ಸೀಮೆಸುಣ್ಣದಲ್ಲಿ ಬರೆಯಲು ಅವಕಾಶ ಕೊಟ್ಟರು. ಮರುದಿನದ ಹೊತ್ತಿಗೆ ಗೋಡೆ ತುಂಬಿತ್ತು. ಅಂತಹ ಗೋಡೆಯನ್ನು ಆಗಾಗ ಒರೆಸಿ ಸೀಮೆಸುಣ್ಣ ಇಡುವ ಒಬ್ಬರು ಬೇಕು, ಅಷ್ಟೇ.

ಕಟ್ಟಡವನ್ನೇ ಬಳಕೆಗೆ ತರುವುದು

ಕಟ್ಟಡ ಇನ್ನೂ ನಿಂತಿದ್ದು, ಸೂರು ಗಟ್ಟಿಯಾಗಿದ್ದರೆ, ನಾನು ಮೊದಲು ಪರಿಶೀಲಿಸುವುದು ಈ ದಾರಿಯನ್ನು. ಇದು ನಿಧಾನವಾದದ್ದು, ಹಣ ಹೆಚ್ಚು ಬೇಡುವುದು, ಆದರೆ ಇಲ್ಲಿ ಮಾತ್ರ ಕಲೆ ನೋಟದಿಂದಾಚೆ ಹೋಗಿ ಬಳಕೆಯಾಗುತ್ತದೆ. ಹ್ಯೂಸ್ಟನ್ ನಗರ ಕುಗ್ಗುತ್ತಿರುವ ನಗರವಲ್ಲವಾದರೂ ಅದರ ಥರ್ಡ್ ವಾರ್ಡ್ ಎಂಬ ಬಡಾವಣೆ ದಶಕಗಳ ಕಾಲ ಹಾಗೆಯೇ ಇತ್ತು; 1993ರಲ್ಲಿ ರಿಕ್ ಲೋವ್ ಮತ್ತು ಸಂಗಡಿಗರು ಅಲ್ಲಿನ 22 ಕಿರಿದಾದ ಪಾಳುಮನೆಗಳನ್ನು ಹಿಡಿದು, ಕೆಲವನ್ನು ಕಲಾಪ್ರದರ್ಶನಕ್ಕೂ ಕೆಲವನ್ನು ಓದುತ್ತಿರುವ ಒಂಟಿ ತಾಯಂದಿರ ವಾಸಕ್ಕೂ ಸಜ್ಜುಗೊಳಿಸಿದರು. ಷಿಕಾಗೋದಲ್ಲಿ ಥಿಯಾಸ್ಟರ್ ಗೇಟ್ಸ್ ಅವರು 1923ರ ಬ್ಯಾಂಕ್ ಕಟ್ಟಡವೊಂದನ್ನು ನಗರದಿಂದ 1 ಡಾಲರಿಗೆ ಪಡೆದು, ಅದರೊಳಗಿನ ಅಮೃತಶಿಲೆಯ ಫಲಕಗಳನ್ನೇ ‘ಬಾಂಡ್’ಗಳೆಂದು ತಲಾ 5,000 ಡಾಲರಿಗೆ ಮಾರಿ ದುರಸ್ತಿಗೆ ಹಣ ಕೂಡಿಸಿ, 2015ರಲ್ಲಿ ಗ್ರಂಥಾಲಯ ಮತ್ತು ಪ್ರದರ್ಶನಾಲಯವಾಗಿ ತೆರೆದರು. ಒಂದು ಡಾಲರಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕೊಂಡ ನಂತರದ ಸೂರಿನ ಖರ್ಚಿನ ಕಥೆಯನ್ನು ಹೇಳುವವರು ಕಡಿಮೆ.

ಲಿವರ್‌ಪೂಲ್‌ನ ಗ್ರ್ಯಾನ್‌ಬಿಯ ನಾಲ್ಕು ಬೀದಿಗಳಲ್ಲಿ ಕ್ರಮ ಬೇರೆಯಾಗಿತ್ತು. ಹಲಗೆ ಬಡಿದ ಮನೆಗಳ ಮುಂದೆ ಉಳಿದ ನಿವಾಸಿಗಳೇ ಕುಂಡಗಳನ್ನಿಟ್ಟು, ಮುಚ್ಚಿದ ಕಿಟಕಿಗಳಿಗೆ ಬಣ್ಣ ಹಚ್ಚಿ, ತಿಂಗಳ ಸಂತೆ ನಡೆಸಿ, ಕೊನೆಗೆ ನೆಲವನ್ನು ಸಮುದಾಯದ ಒಡೆತನದಲ್ಲಿಡುವ ಒಂದು ಟ್ರಸ್ಟ್ ಕಟ್ಟಿಕೊಂಡರು. ಅಸೆಂಬಲ್ ಎಂಬ ವಾಸ್ತುಶಿಲ್ಪಿಗಳ ಬಳಗ ಅದರ ನಂತರ ಬಂದು ಅವರೊಂದಿಗೆ 10 ಮನೆಗಳನ್ನು ಎತ್ತಿ ನಿಲ್ಲಿಸಿತು. ಕೆಡವಿದ ಇಟ್ಟಿಗೆ ಮತ್ತು ಸ್ಲೇಟಿನ ಚೂರುಗಳನ್ನು ಕಾಂಕ್ರೀಟಿನೊಳಗೆ ಎರಕ ಹೊಯ್ದು ಮನೆಯೊಳಗಿನ ಅಗ್ಗಿಷ್ಟಿಕೆಗಳಿಗೆ ಚೌಕಟ್ಟು ಮಾಡಿದರು. ಬ್ರಿಟನ್ನಿನ ಪ್ರಮುಖ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿ 2015ರಲ್ಲಿ ಆ ಬಳಗಕ್ಕೆ ಸಂದಿತು. ಪ್ರಶಸ್ತಿಗಿಂತ ಈ ಅನುಕ್ರಮವೇ ಮುಖ್ಯ: ನಿವಾಸಿಗಳು ಮೊದಲು, ಒಡೆತನ ಆಮೇಲೆ, ಕಲೆ ಅದರ ನಂತರ.

ಒಡೆತನ ಸಿಗದ ಕಡೆ ಜರ್ಮನಿಯ ಲೈಪ್‌ಸಿಗ್ ಬೇರೊಂದು ಉಪಾಯ ಹುಡುಕಿತು. 1989ರಲ್ಲಿ ಸುಮಾರು 5.3 ಲಕ್ಷವಿದ್ದ ಅಲ್ಲಿನ ಜನಸಂಖ್ಯೆ 1998ರ ಹೊತ್ತಿಗೆ 4.4 ಲಕ್ಷದ ಕೆಳಗಿಳಿದಿತ್ತು. 2004ರಲ್ಲಿ ಹುಟ್ಟಿದ ಹೌಸ್‌ಹಾಲ್ಟನ್ ಎಂಬ ಸಂಘ ‘ಕಾವಲು ಮನೆ’ಗಳ ವ್ಯವಸ್ಥೆಯನ್ನು ತಂದಿತು: ಒಡೆಯರು ಹಳೆಯ ಕಟ್ಟಡವನ್ನು ಸಾಮಾನ್ಯವಾಗಿ 5 ವರ್ಷಕ್ಕೆ ಬಿಟ್ಟುಕೊಡುತ್ತಾರೆ, ಕಲಾವಿದರು ಮತ್ತು ಸಂಘಗಳು ಬಾಡಿಗೆಯಿಲ್ಲದೆ, ನೀರು ವಿದ್ಯುತ್ತಿನಂತಹ ಖರ್ಚನ್ನಷ್ಟೇ ಕೊಟ್ಟು ಬಳಸುತ್ತಾರೆ, ಪ್ರತಿಯಾಗಿ ಸೋರುವ ಕೊಳವೆಯನ್ನೂ ಒಡೆದ ಗಾಜನ್ನೂ ಸಕಾಲಕ್ಕೆ ಗಮನಿಸಿ ಕಟ್ಟಡ ಸಾಯದಂತೆ ಕಾಯುತ್ತಾರೆ. ಲೈಪ್‌ಸಿಗ್ ಮತ್ತೆ ಬೆಳೆದು ಈಗ 6 ಲಕ್ಷ ದಾಟಿದೆ, ಬಿಟ್ಟಿಯಾಗಿ ಮನೆ ಕೊಡುವ ಒಡೆಯರು ವಿರಳವಾಗಿದ್ದಾರೆ. ಕಾವಲು ಕಾದವರಿಗೆ ಅವಧಿ ಮುಗಿದ ಮೇಲೆ ಏನು ಸಿಗಬೇಕು ಎಂಬುದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕೆಂಬ ಪಾಠ ಇದರಲ್ಲಿದೆ.

ನಿವಾಸಿಗಳೇ ಬೆಳೆಸುವ ಕೃತಿ

ನೆಲಕ್ಕೆ ಯಾವ ಕೊಳ್ಳುಗರೂ ಬಾರದೆಡೆ ಅತ್ಯಂತ ದೀರ್ಘಕಾಲ ನಿಲ್ಲಬಲ್ಲದ್ದು ಇದು; ಅತ್ಯಂತ ದುರ್ಬಲವೂ ಇದೇ. ಡೆಟ್ರಾಯಿಟ್‌ನ ಹೈಡಲ್‌ಬರ್ಗ್ ಬೀದಿಯಲ್ಲಿ ಟೈರಿ ಗೈಟನ್ ಅವರು 1986ರಿಂದ ಎಸೆದ ಗೊಂಬೆ, ಬೂಟು, ಗಡಿಯಾರ, ಕಾರಿನ ಬಿಡಿಭಾಗಗಳಿಂದ ಖಾಲಿ ಮನೆಗಳನ್ನೂ ನಿವೇಶನಗಳನ್ನೂ ತುಂಬಿದರು. ದೂರದ ದೇಶಗಳಿಂದ ಜನ ನೋಡಲು ಬಂದರು. ಆದರೆ ನೆಲದ ಹಕ್ಕು ಪೂರ್ತಿ ಅವರದಾಗಿರಲಿಲ್ಲ; 1991ರಲ್ಲಿಯೂ 1999ರಲ್ಲಿಯೂ ನಗರಾಡಳಿತ ಬುಲ್‌ಡೋಜರ್ ಕಳಿಸಿ ಕೆಲಭಾಗಗಳನ್ನು ಕೆಡವಿತು, 2013 ಮತ್ತು 2014ರಲ್ಲಿ ಸರಣಿಯಾಗಿ ಬೆಂಕಿ ಬಿದ್ದು ಹಲವು ಮನೆಗಳು ಸುಟ್ಟವು. ನೆರೆಯವರಲ್ಲಿ ಕೆಲವರಿಗೆ ಅದು ಹೆಮ್ಮೆಯಾಗಿದ್ದರೆ ಕೆಲವರಿಗೆ ತಮ್ಮ ಕಿಟಕಿಯೆದುರಿನ ಕಸದ ರಾಶಿಯಾಗಿತ್ತು, ಮತ್ತು ಆ ದೂರನ್ನು ಕಲೆ ಅರಿಯದವರ ಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಅದೇ 1986ರಲ್ಲಿ ಉತ್ತರ ಫಿಲಡೆಲ್ಫಿಯಾದ ಖಾಲಿ ನಿವೇಶನವೊಂದರಲ್ಲಿ ಲಿಲಿ ಯೇ ಅವರು ಬೀದಿಯ ಮಕ್ಕಳನ್ನು ಕರೆದುಕೊಂಡು ಕೆಲಸ ಆರಂಭಿಸಿದರು. ಮಕ್ಕಳ ಹಿಂದೆ ದೊಡ್ಡವರು ಬಂದರು, ಅವರಲ್ಲಿ ಕೆಲವರು ಮೊಸಾಯಿಕ್ ಕೆಲಸ ಕಲಿತು ತಾವೇ ಮೇಸ್ತ್ರಿಗಳಾದರು, ಉದ್ಯಾನಗಳು ಒಂದರಿಂದ ಹಲವಾದವು, ಸ್ಥಾಪಕರು ಹೊರಟ ಮೇಲೂ ಸಂಸ್ಥೆ ಉಳಿಯಿತು. ಎರಡು ಯೋಜನೆಗಳಲ್ಲಿ ಯಾವುದು ದೊಡ್ಡ ಕಲೆ ಎಂದು ಕೇಳಿದರೆ ನಾನು ಹೈಡಲ್‌ಬರ್ಗ್ ಎನ್ನಬಹುದು. ಯಾವುದನ್ನು ಅನುಸರಿಸಬೇಕು ಎಂದು ಕೇಳಿದರೆ ಎರಡನೆಯದು. ಇಂತಹ ಕೆಲಸಕ್ಕೆ ನೆಲವನ್ನು ಹಂಚುವ ರೀತಿಗೆ ಜರ್ಮನಿಯ ಡೆಸ್ಸೌ ಒಂದು ದಾರಿ ತೋರಿಸಿದೆ: ಕಟ್ಟಡಗಳನ್ನು ತೆಗೆದ ಪ್ರದೇಶದಲ್ಲಿ 400 ಚದರ ಮೀಟರಿನ ತುಂಡುಗಳನ್ನು ನಿವಾಸಿಗಳಿಗೂ ಸಂಘಗಳಿಗೂ ತಮಗೆ ತೋಚಿದಂತೆ ರೂಪಿಸಲು ವಹಿಸಲಾಯಿತು. ಒಂದು ಗುಂಪು ಕೈಬಿಟ್ಟರೂ ಪಕ್ಕದ ತುಂಡು ಉಳಿಯುತ್ತದೆ. ಅಗೆಯುವ ಮೊದಲು ಮಣ್ಣಿನ ಪರೀಕ್ಷೆ ಮಾತ್ರ ಕಡ್ಡಾಯ. ಕೆಡವಿದ ಹಳೆಯ ಮನೆಗಳ ಬಣ್ಣದಿಂದ ಸೀಸ ಮಣ್ಣಿಗಿಳಿದಿರುತ್ತದೆ, ನೆಲಮಾಳಿಗೆಗಳನ್ನು ಇಟ್ಟಿಗೆ ಚೂರುಗಳಿಂದಲೇ ತುಂಬಿರುವುದರಿಂದ ಶಿಲ್ಪಕ್ಕೆ ತಳಪಾಯ ಹಾಕುವುದೂ ಕಷ್ಟವಾಗುತ್ತದೆ.

ಕಲಾ ಉತ್ಸವಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಪಾನಿನ ಎಚಿಗೊ-ತ್ಸುಮಾರಿಯಲ್ಲಿ 2000ದಿಂದ, ಸೆಟೊ ಒಳಸಮುದ್ರದ ದ್ವೀಪಗಳಲ್ಲಿ 2010ರಿಂದ ಮೂರು ವರ್ಷಕ್ಕೊಮ್ಮೆ ನಡೆಯುವ ಉತ್ಸವಗಳು ಮುಚ್ಚಿದ ಶಾಲೆಗಳನ್ನೂ ಖಾಲಿ ಮನೆಗಳನ್ನೂ ತುಂಬಿವೆ. ಅವು ಹಳ್ಳಿ ಮತ್ತು ದ್ವೀಪಗಳ ಮಾದರಿ, ಅವುಗಳ ಹಿಂದೆ ದಶಕಗಳ ಧನಬೆಂಬಲವಿದೆ. ನಗರದವರು ಅಲ್ಲಿಂದ ತೆಗೆದುಕೊಳ್ಳಬಹುದಾದದ್ದು ನಾವೊಶಿಮಾದ ಒಂದು ಹಳೆಯ ಮನೆಯ ಉದಾಹರಣೆ. 1998ರಲ್ಲಿ ತತ್ಸುವೊ ಮಿಯಾಜಿಮಾ ಅವರು ಅಲ್ಲಿ ನೀರಿನೊಳಗೆ ಮಿನುಗುವ 125 ಅಂಕಿಫಲಕಗಳನ್ನಿಟ್ಟಾಗ, ಒಂದೊಂದರ ವೇಗವನ್ನೂ ದ್ವೀಪದ ಒಬ್ಬೊಬ್ಬ ನಿವಾಸಿಯಿಂದ ನಿಗದಿಪಡಿಸಿದರು. ಆ ಮನೆಗೆ ಹೋದ ದ್ವೀಪವಾಸಿಗಳು ತಮ್ಮ ಅಂಕಿಯನ್ನು ಹುಡುಕುತ್ತಾರೆ.

ಕರಾರು

ಯಾವ ದಾರಿಯನ್ನೇ ಹಿಡಿದರೂ ಕಾಗದದ ಕೆಲಸ ಒಂದೇ. ಅಮೆರಿಕದಲ್ಲಿ 1990ರ ದೃಶ್ಯ ಕಲಾವಿದರ ಹಕ್ಕುಗಳ ಕಾಯಿದೆಯು ಕಟ್ಟಡದ ಒಡೆಯರಿಂದಲೂ ಕೃತಿಗೆ ರಕ್ಷಣೆ ಕೊಡುತ್ತದೆ. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿದ್ದ ಫೈವ್ ಪಾಯಿಂಟ್ಸ್ ಕಟ್ಟಡದ ಗೋಡೆಚಿತ್ರಗಳಿಗೆ ಒಡೆಯರು 2013ರಲ್ಲಿ ರಾತ್ರೋರಾತ್ರಿ ಸುಣ್ಣ ಬಳಿಸಿದ್ದಕ್ಕೆ 2018ರಲ್ಲಿ ನ್ಯಾಯಾಲಯ 67.5 ಲಕ್ಷ ಡಾಲರ್ ಪರಿಹಾರ ವಿಧಿಸಿತು. ಆದ್ದರಿಂದ ಕೃತಿಯನ್ನು ಯಾರು, ಯಾವಾಗ, ಎಷ್ಟು ದಿನದ ಸೂಚನೆ ಕೊಟ್ಟು ತೆಗೆಯಬಹುದು ಎಂಬ ಷರತ್ತು ಕೆಲಸ ಆರಂಭವಾಗುವ ಮೊದಲೇ ಬರಹದಲ್ಲಿರಬೇಕು, ಮತ್ತು ತೆಗೆಯುವ ಖರ್ಚನ್ನು ಮೊದಲ ಬಜೆಟ್ಟಿನಲ್ಲಿಯೇ ಕಾದಿರಿಸಬೇಕು. ವಿದ್ಯುತ್ ಮೀಟರು ಯಾರ ಹೆಸರಿನಲ್ಲಿದೆ, ಬೇಲಿಯ ಬೀಗದ ಕೈ ಯಾರ ಬಳಿ ಇದೆ, ಯಾರಿಗಾದರೂ ಗಾಯವಾದರೆ ವಿಮೆ ಯಾರದು, ಗಿಡಗಳಿಗೆ ಹತ್ತಿರದ ನೀರು ಎಲ್ಲಿಂದ ಬರುತ್ತದೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಈ ನಾಲ್ಕು ಸಾಲುಗಳ ಮುಂದೆ ವ್ಯಕ್ತಿಗಳ ಹೆಸರು ಬರೆಯಲು ಸಾಧ್ಯವಾಗದಿದ್ದರೆ ಆ ವರ್ಷ ಹುಲ್ಲು ಬಿತ್ತಿ ಬೇಲಿ ಹಾಕಿ, ಕಲಾವಿದರನ್ನು ಮುಂದಿನ ವರ್ಷ ಕರೆಯುವುದು ಲೇಸು.